ನೀಲವ್ವನ ಗಾಡಿಯ ನಾಲ್ಕು ತಾರೀಕು

ನಮ್ಮಪ್ಪನ ಕಾಲದಲ್ಲಿ ಕಾರಿನ ಬ್ಯಾಟರಿ ಯಾವಾಗ ಸಾಯುತ್ತದೆಂದು ಯಾರಿಗೂ ಗೊತ್ತಿರಲಿಲ್ಲ. ಮೂರು ವರ್ಷ ಬಂದರೆ ಬಂತು, ನಾಲ್ಕಕ್ಕೆ ಹೋದರೆ ಪುಣ್ಯ. ಬೆಳಿಗ್ಗೆ ಕೀಲಿ ತಿರುವಿದಾಗ ಇಂಜಿನ್ನು ಕೆಮ್ಮಿ ಸುಮ್ಮನಾದರೆ ನಾಲ್ಕು ಜನ ಸೇರಿ ತಳ್ಳುವುದು, ತಳ್ಳಿದವರಿಗೆ ಚಹಾ ಕುಡಿಸುವುದು, ಮಧ್ಯಾಹ್ನ ಹೊಸದು ತಂದು ಕೂರಿಸುವುದು. ಇಷ್ಟೇ ಆಗಿನ ವಿಜ್ಞಾನ.

ಆಮೇಲೆ ಗಾಡಿಗಳೆಲ್ಲ ವಿದ್ಯುತ್ತಿಗೆ ಬಂದವು. ಗಾಡಿಯ ಹೊಟ್ಟೆ ತುಂಬ ಬ್ಯಾಟರಿಯೇ ಆಯಿತು. ಹಳೆಯ ಬ್ಯಾಟರಿಗಳು ಒಂದೆರಡು ಊರಲ್ಲಿ ಹೊತ್ತಿ ಉರಿದ ಮೇಲೆ ಸರ್ಕಾರ ಎಚ್ಚೆತ್ತಿತು. ಹಾಗೆ ಬಂದದ್ದು ಆಯುರ್ಮಾಪಕ. ಒಂದು ಅಲಮಾರಿಯಷ್ಟು ದೊಡ್ಡ ಯಂತ್ರ. ಬ್ಯಾಟರಿಯ ಒಂದೊಂದು ಸೆಲ್ಲಿಗೂ ಸಣ್ಣ ವಿದ್ಯುತ್ ಮಿಡಿತ ಕಳಿಸಿ, ಅದು ಹೇಗೆ ತಿರುಗಿ ಬರುತ್ತದೆಂದು ಕೇಳಿಸಿಕೊಳ್ಳುತ್ತದೆ. ಗಾಡಿ ದಿನದಿನವೂ ತಾನಾಗಿ ಕಳಿಸಿದ ಓಡಾಟದ ದಾಖಲೆಯನ್ನು ಅದಕ್ಕೆ ಜೋಡಿಸುತ್ತದೆ. ಕೊನೆಗೆ ಒಂದು ತಾರೀಕು ಹೇಳುತ್ತದೆ. ಬ್ಯಾಟರಿಯ ಶಕ್ತಿ ನೂರರಿಂದ ಎಪ್ಪತ್ತಕ್ಕೆ ಇಳಿಯುವ ದಿನ ಅದು. ಆ ದಿನಕ್ಕೆ ಗಡುವು ಎಂದು ಹೆಸರು. ಗಡುವಿನ ಬೆಳಿಗ್ಗೆ ಗಾಡಿಗೆ ತಾನೇ ಬೀಗ ಬೀಳುತ್ತದೆ, ಹೊಸ ಬ್ಯಾಟರಿ ಹಾಕುವವರೆಗೆ ಚಕ್ರ ಉರುಳುವುದಿಲ್ಲ.

ಜನ ಇದಕ್ಕೂ ಹೊಂದಿಕೊಂಡರು. ಹೆಣ್ಣು ನೋಡಲು ಬಂದವರು ಅಂಗಳದ ಗಾಡಿಯ ಗಡುವು ಕೇಳತೊಡಗಿದರು. ಕೆಲವರು ಗಡುವಿನ ಹಿಂದಿನ ದಿನ ಗಾಡಿಗೆ ಹೂ ಏರಿಸಿ ಊರ ಸುತ್ತ ಮೆರವಣಿಗೆ ಮಾಡಿದರು. ಹುಬ್ಬಳ್ಳಿಯ ವಾಹನ ಆಯುಷ್ಯ ಕೇಂದ್ರದಲ್ಲಿ ಈ ತಾರೀಕುಗಳಿಗೆ ಸಹಿ ಹಾಕುವವನು ನಾನು, ವಿರೂಪಾಕ್ಷ ಮೆಣಸಿನಕಾಯಿ. ಅಡ್ಡಹೆಸರಿಗೆ ತಕ್ಕ ಸಿಟ್ಟು ಎಂದು ಕಚೇರಿಯಲ್ಲಿ ನನ್ನ ಬೆನ್ನ ಹಿಂದೆ ಆಡಿಕೊಳ್ಳುತ್ತಾರೆ. ಹನ್ನೊಂದು ವರ್ಷದಲ್ಲಿ ನಮ್ಮ ಯಂತ್ರ ಮೂರು ದಿನಕ್ಕಿಂತ ಹೆಚ್ಚು ತಪ್ಪಿದ್ದನ್ನು ನಾನು ನೋಡಿರಲಿಲ್ಲ, ನೀಲವ್ವನ ಗಾಡಿ ಬರುವ ತನಕ.

ನೀಲವ್ವ ತಳವಾರ ಕುಂದಗೋಳದ ಆಚೆಯ ಹಳ್ಳಿಯವಳು, ನಲವತ್ತೈದರ ಹೆಣ್ಣುಮಗಳು. ಗಂಡ ಫಕ್ಕೀರಪ್ಪನಿಗೆ ಎರಡೂ ಮೂತ್ರಪಿಂಡ ಕೆಟ್ಟು, ವಾರಕ್ಕೆ ಮೂರು ದಿನ ಹುಬ್ಬಳ್ಳಿಯ ದೊಡ್ಡಾಸ್ಪತ್ರೆಯಲ್ಲಿ ಡಯಾಲಿಸಿಸ್. ಅದೇ ಕಾಯಿಲೆಯ ಇನ್ನಿಬ್ಬರನ್ನೂ ದಾರಿಯಲ್ಲಿ ಹತ್ತಿಸಿಕೊಂಡು ತನ್ನ ಒಂಬತ್ತು ವರ್ಷದ ಹಳೇ ಗಾಡಿಯಲ್ಲಿ ಕರೆತರುತ್ತಿದ್ದಳು. ಉಳಿದ ದಿನ ಬಾಡಿಗೆ ಹೊಡೆಯುತ್ತಿದ್ದಳು. ಡಯಾಲಿಸಿಸ್ ಮುಗಿಸಿದವರಿಗೆ ನಿಂತುಕೊಳ್ಳಲೂ ತ್ರಾಣವಿರುವುದಿಲ್ಲ, ಬಸ್ಸು ಹತ್ತುವ ಮಾತು ದೂರವೇ ಉಳಿಯಿತು.

ಹೋದ ಆಗಸ್ಟಿನ ಪರೀಕ್ಷೆಯಲ್ಲಿ ಯಂತ್ರ ಅವಳ ಗಾಡಿಗೆ ಮಾರ್ಚ್ ಹದಿನಾಲ್ಕು ಎಂದು ಗಡುವು ಕೊಟ್ಟಿತು. ಅಕ್ಟೋಬರಿನಲ್ಲಿ ಅದೇ ಗಾಡಿಗೆ ಆಗಸ್ಟ್ ಎರಡು ಎಂದಿತು. ಡಿಸೆಂಬರಿನ ಮೊದಲ ವಾರ ನವೆಂಬರ್ ಹತ್ತೊಂಬತ್ತು ಎಂದಿತು. ಗಡುವು ಮುಂದೆ ಓಡುವುದು ನಾನು ಕಂಡು ಕೇಳರಿಯದ ಸಂಗತಿ. ಹಳೇ ಗಾಡಿಗಳ ಪರೀಕ್ಷೆ ನಮ್ಮಲ್ಲಿ ಸೋಮವಾರ, ಬುಧವಾರ, ಶುಕ್ರವಾರ ಮಾತ್ರ. ನೀಲವ್ವನ ಆಸ್ಪತ್ರೆ ಪಾಳಿ ಮಂಗಳವಾರ, ಗುರುವಾರ, ಶನಿವಾರ. ಮೇಲಿಂದ ಮೇಲೆ ಪರೀಕ್ಷೆಗೆ ಕರೆದು ಅವಳಿಗೆ ಹೆಚ್ಚಿನ ತಿರುಗಾಟ ಹಚ್ಚಿದೆನಲ್ಲ ಎಂದು ನನಗೇ ಕೆಡುಕೆನಿಸಿ, ಡಯಾಲಿಸಿಸ್ ವಿಭಾಗದಲ್ಲಿದ್ದ ಪರಿಚಯದ ಡಾಕ್ಟರಿಗೆ ಫೋನ್ ಮಾಡಿ ಮೂವರ ಪಾಳಿಯನ್ನೂ ಸೋಮ, ಬುಧ, ಶುಕ್ರಕ್ಕೆ ಬದಲಾಯಿಸಿ ಕೊಟ್ಟೆ.

"ಸೋಮವಾರನ್ರಿ?" ಎಂದು ಕೇಳಿದ್ದಳು ನೀಲವ್ವ.

"ಯಾಕ, ಏನರೆ ತೊಂದ್ರಿ ಐತೇನು?"

ಅವಳು ಸ್ವಲ್ಪ ಹೊತ್ತು ಗಾಡಿಯ ಕಡೆ ನೋಡಿ, "ಇಲ್ರಿ ಸಾಹೇಬ್ರ. ನೀವು ಇಷ್ಟ ಮಾಡೀರಿ, ನಾ ಏನ ಹೇಳ್ಲಿ" ಎಂದು ಹೋದಳು. ಒಂದು ಒಳ್ಳೆಯ ಕೆಲಸ ಮಾಡಿದೆನೆಂದು ಅವತ್ತು ನನಗೆ ಖುಷಿಯಾಗಿತ್ತು.

ಫೆಬ್ರವರಿ ಎರಡರ ಸೋಮವಾರ ಅವಳು ನಾಲ್ಕನೇ ಸಲ ಬಂದಳು. ಪರದೆಯ ಮೇಲೆ ಬಂದ ತಾರೀಕು ಫೆಬ್ರವರಿ ಇಪ್ಪತ್ತೇಳು. ವರ್ಷ ಅದೇ, ತಿಂಗಳೂ ಅದೇ. ಇಪ್ಪತ್ತೈದು ದಿನ ಮಾತ್ರ ಉಳಿದಿತ್ತು.

ಯಂತ್ರ ನಡೆಸುವ ಇಂಜಿನಿಯರ್ ಹುಡುಗಿ ಫರೀದಾ ನದಾಫ ಕೇಬಲ್ಲು ಬದಲಿಸಿ ಮತ್ತೆ ಹಚ್ಚಿದಳು. ಅದೇ ತಾರೀಕು. ಪಕ್ಕದ ಯಂತ್ರಕ್ಕೆ ಒಯ್ದೆವು. ಅಲ್ಲೂ ಅದೇ. ನನಗೆ ತಲೆ ಕೆಟ್ಟು ಕೆರ ಹಿಡಿಯಿತು. ಯಂತ್ರ ಸರಿಯಿದ್ದರೆ ಗಾಡಿ ಸುಳ್ಳು ಹೇಳುತ್ತಿರಬೇಕು, ಗಾಡಿಗೆ ಸುಳ್ಳು ಕಲಿಸಿದವರು ಯಾರೋ ಇರಬೇಕು ಎಂದು ನನ್ನ ಬುದ್ಧಿ ಓಡಿತು.

"ನೀಲವ್ವ, ಖರೇ ಹೇಳು. ಒಳಗಿನ ಸೆಲ್ ಯಾರ ಕಡೆಯಿಂದರೆ ಬದ್ಲಿ ಮಾಡಿಸಿದಿಯೇನು? ಮೊದ್ಲ ಚಲೋವು ಹಾಕಿಸಿ, ಈಗ ತಗಸಿ?"

ಅವಳ ಮುಖ ಕಪ್ಪಿಟ್ಟಿತು. "ನನ್ನ ಗಾಡ್ಯಾಗ ನಾನ ಕಳವು ಮಾಡ್ಲ್ಯಾ? ನಾಕ ಸಲ ಬಂದೆ, ನಾಕ ತಾರೀಕ ಹೇಳಿದ್ರಿ. ಹೊಸಾ ಬ್ಯಾಟರಿ ಹಾಕಿಸಂದ್ರ ಹಾಕಸ್ತಿದ್ದೆ, ಬ್ಯಾಡಂದ್ರ ಬಿಡ್ತಿದ್ದೆ. ನವೆಂಬರ್ ಮಟಾ ಚಿಂತಿಲ್ಲ ಅಂದವ್ರು ನೀವ. ಈಗ ಪಾಳಿ ಹಚ್ಚಿದ್ರ ಈ ಗಾಡಿಗಿ ಹೊಂದೂ ಬ್ಯಾಟರಿ ಎಂಟು ತಿಂಗಳಿಗಿ ಬರ್ತೈತಂತ. ಅಲ್ಲೀ ಮಟಾ ಮೂರೂ ಮಂದಿನ ನಾ ಹೊತಗೊಂಡ ತರ್ಲ್ಯಾ?"

ಉತ್ತರವಿಲ್ಲದಾಗ ಅಧಿಕಾರಿಗಳು ಮಾಡುವುದನ್ನೇ ಮಾಡಿದೆ, "ತನಿಖೆ ಮಾಡ್ತೇವಿ" ಎಂದೆ.

ಮನೆಯಲ್ಲಿ ನನ್ನ ಹೆಂಡತಿ ಸುಲೋಚನಾ ಕನ್ನಡ ಶಾಲೆಯ ಶಿಕ್ಷಕಿ. ನಮ್ಮ ಕೇಂದ್ರಕ್ಕೆ ಅವಳಿಟ್ಟ ಹೆಸರು ಜಾತಕದಂಗಡಿ. ಸಂಜೆ ರೊಟ್ಟಿಗೆ ಹಿಟ್ಟು ನಾದುತ್ತ ಎಲ್ಲವನ್ನೂ ಕೇಳಿಸಿಕೊಂಡಳು.

"ನಾಕ ತಾರೀಕಿನಾಗ ಖರೇ ಯಾವ್ದು?"

"ಅದ ತಿಳೀವಲ್ದು."

"ನಿಮ್ಮ ಯಂತ್ರಕ್ಕ 'ನನಗ ಗೊತ್ತಿಲ್ಲ' ಅನ್ನಾಕ ಬರ್ತೈತೇನು?"

"ಅದಕ್ಯಾಕ ಬರಬೇಕು? ಅದರ ಕೆಲಸ ತಾರೀಕ ಹೇಳೂದು."

"ನಮ್ಮ ಸಾಲ್ಯಾಗ ಒಂದನೇತ್ತೆ ಮಕ್ಕಳಿಗೆ ಮೊದ್ಲ ಅದನ್ನ ಕಲಸ್ತೇವಿ. ಗೊತ್ತಿರ್ಲಿಲ್ಲಂದ್ರ ಗೊತ್ತಿಲ್ಲ ಅನ್ರೋ, ಏನರೆ ಒಂದು ಒದರಬ್ಯಾಡ್ರಿ ಅಂತ." ಹಿಟ್ಟಿನ ಕೈಯಲ್ಲೇ ಕೂದಲು ಹಿಂದೆ ಸರಿಸಿ, ದನಿ ತಗ್ಗಿಸಿ ಅಂದಳು, "ಅಣ್ಣಾರ ಗಾಡಿಗೂ ಹಿಂಗ ಒದರಿತ್ತೋ ಏನೋ."

ಅಣ್ಣನ ಮಾತು ಬಂದ ಕೂಡಲೇ ನಾನು ಎದ್ದು ಹೊರಗೆ ಹೋದೆ. ನನ್ನ ಅಣ್ಣ ಚನಬಸಪ್ಪ ಅಣ್ಣಿಗೇರಿಯ ಹತ್ತಿರದ ನಮ್ಮ ಊರಲ್ಲೇ ಇದ್ದಾನೆ. ಎರಡು ವರ್ಷದ ಹಿಂದೆ ಅವನ ಗಾಡಿಗೆ ಗಡುವು ಬಂದಾಗ, "ಇನ್ನೂ ಚಲೋ ಓಡ್ತೈತೋ ತಮ್ಮಾ, ಇನ್ನೊಮ್ಮೆ ನೋಡಸು" ಎಂದು ಬೇಡಿಕೊಂಡಿದ್ದ. ಅಣ್ಣನೆಂದು ನಿಯಮ ಸಡಿಲಿಸಿದ ಎಂದು ಯಾರೂ ಅನ್ನಬಾರದೆಂದು ನಾನೇ ಸಹಿ ಹಾಕಿ ಬೀಗ ಬೀಳಿಸಿದೆ. ಅವತ್ತಿನಿಂದ ಅವನು ನನ್ನ ಫೋನ್ ಎತ್ತುವುದಿಲ್ಲ. ಹಬ್ಬಕ್ಕೆ ಹೋದರೆ ಅತ್ತಿಗೆಯ ಜೊತೆ ಮಾತಾಡಿ ಬರುತ್ತೇನೆ.

ಮುಂದಿನ ವಾರ ಫರೀದಾ ನನ್ನನ್ನು ನಿಯಂತ್ರಣ ಕೊಠಡಿಗೆ ಕರೆದಳು. ನೀಲವ್ವನ ಗಾಡಿಯ ಒಂಬತ್ತು ವರ್ಷದ ದಾಖಲೆಯನ್ನು ಗೋಡೆಯ ಪರದೆಯ ಮೇಲೆ ಹಾಸಿದ್ದಳು. ಓಡಿದ ದಿನ ಹಸಿರು ಗೆರೆ, ನಿಂತ ದಿನ ಹಳದಿ ಗೆರೆ. ನಡುನಡುವೆ ಏನೂ ಇಲ್ಲದ ಬಿಳಿ ಜಾಗ.

"ಈ ಬಿಳೀ ತೂತು ನೋಡ್ರಿ ಸರ್. ಆ ದಿನ ಗಾಡಿ ಒಂದಕ್ಷರನೂ ಕಳಿಸಿಲ್ಲ. ನಿಂತೇನಿ ಅಂತನೂ ಹೇಳಿಲ್ಲ."

"ಹಳ್ಳ್ಯಾಗ ಸಿಗ್ನಲ್ ಹೋಗಿರ್ತೈತಿ."

"ಸಿಗ್ನಲ್ ಹೋದ್ರ ಯಾವಾಗ್ ಬೇಕಾದ್ರ ಹೋಗ್ಬೇಕಲ್ರಿ. ಇದು ಬರೋಬ್ಬರಿ ಏಳು ದಿನಕ್ಕೊಮ್ಮೆ ಹೋಗೇತಿ. ಎಲ್ಲಾ ಸೋಮವಾರ. ಡಿಸೆಂಬರ್ ಮಟಾ ಐತಿ, ಆಮ್ಯಾಲೆ ಒಂದೂ ಇಲ್ಲ."

ನಾನು ಪರದೆ ನೋಡುತ್ತ ನಿಂತೆ. ಒಂಬತ್ತು ವರ್ಷದ ಸೋಮವಾರಗಳು ಬೆಳ್ಳಗೆ ಸಾಲಾಗಿದ್ದವು. ನನಗೆ ಹೊಳೆದದ್ದು ಒಂದೇ, ಸೋಮವಾರಕ್ಕೊಮ್ಮೆ ಯಾರೋ ಗಾಡಿ ಬಿಚ್ಚಿ ಒಳಗೆ ಕೈ ಹಾಕುತ್ತಿದ್ದಾರೆ.

"ಮಾಹಿತಿ ಬರದ ದಿನಕ್ಕ ಯಂತ್ರ ಏನ ಮಾಡ್ತೈತಿ?" ಎಂದು ಫರೀದಾ ಕೇಳಿದಳು. ಅವಳಿಗೆ ಉತ್ತರ ಗೊತ್ತಿತ್ತು, ನನ್ನ ಬಾಯಿಂದ ಕೇಳಬೇಕಿತ್ತು ಅಷ್ಟೆ. ಏಕೆಂದರೆ ಆ ನಿಯಮ ಬರೆದ ಸಮಿತಿಯಲ್ಲಿ ನಾನಿದ್ದೆ. ಆಂಟೆನಾ ಕಿತ್ತು ಕದ್ದು ಓಡಿಸುವವರಿದ್ದಾರೆಂದು, ಮಾಹಿತಿ ಬಾರದ ದಿನ ಗಾಡಿ ಎಂದಿನಷ್ಟೇ ಓಡಿದೆಯೆಂದು ತಿಳಿಯತಕ್ಕದ್ದು ಎಂದು ಬರೆದವನು ನಾನೇ. ಯಂತ್ರ ಆ ಬಿಳಿ ಜಾಗಕ್ಕೆಲ್ಲ ಹಸಿರು ತುಂಬಿಕೊಂಡು ಲೆಕ್ಕ ಹಾಕುತ್ತಿತ್ತು.

ಫೆಬ್ರವರಿ ಹದಿನೈದರ ಭಾನುವಾರ, ಕಳವು ಹಿಡಿಯುವ ಹುರುಪಿನಲ್ಲಿ, ಹೇಳದೆ ಕೇಳದೆ ನೀಲವ್ವನ ಮನೆಗೆ ಹೋದೆ. ಗಾಡಿ ಮನೆಯ ಪಕ್ಕದ ಮಣ್ಣಿನ ಕೊಟ್ಟಿಗೆಯಲ್ಲಿತ್ತು. ದಪ್ಪ ಗೋಡೆ, ಒಳಗೆ ತಂಪು. ಎತ್ತಿಗೆ ಮೇವು ಹಾಕುವ ಗ್ವಾದಲಿ ಇನ್ನೂ ಹಾಗೇ ಇತ್ತು. ಮೊದಲು ಎತ್ತು ನಿಲ್ಲುತ್ತಿದ್ದ ಜಾಗದಲ್ಲಿ ಈಗ ಗಾಡಿ ನಿಂತಿತ್ತು. ನೀಲವ್ವ ನೀರು ತಂದಿಟ್ಟಳು, ಮುಖ ಕೊಡಲಿಲ್ಲ. ಹೊರಸಿನ ಮೇಲೆ ಮಲಗಿದ್ದ ಫಕ್ಕೀರಪ್ಪ ಎದ್ದು ಕೂತ.

ನಾನು ನೇರವಾಗಿ ಕೇಳಿದೆ, "ಸೋಮವಾರ ಸೋಮವಾರ ಈ ಗಾಡಿಗೆ ಏನ ಮಾಡ್ತಿದ್ರಿ?"

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು.

"ಏನೂ ಮಾಡ್ತಿರ್ಲಿಲ್ರಿ" ಎಂದಳು ನೀಲವ್ವ.

"ಏನೂ ಮಾಡದ ಹೆಂಗ ಅಷ್ಟೂ ಸೋಮವಾರ ದಾಖಲೆ ಇಲ್ಲ?"

"ಅದನ್ನ ಹೇಳಾಕತ್ತೇನ್ರಿ. ಸೋಮವಾರ ಏನೂ ಮಾಡ್ತಿರ್ಲಿಲ್ಲ. ಹೂಡ್ತಿರ್ಲಿಲ್ಲ."

ಅದು ಎತ್ತಿಗೆ ನೊಗ ಹೂಡುವವರ ಶಬ್ದ, ನಾನು ಚಿಕ್ಕಂದಿನಿಂದ ಕೇಳಿದ್ದು.

ಅವಳು ಗಾಡಿಯ ಬಾಗಿಲು ತೆಗೆದು, ಸೀಟಿನ ಕೆಳಗಿನ ಕೆಂಪು ಮೇನ್ ಸ್ವಿಚ್ ತೋರಿಸಿದಳು. "ಎತ್ತು ಇದ್ದಾಗ ನಮ್ಮ ಮಾವ ಸೋಮವಾರ ನೊಗ ಹೇರ್ತಿರ್ಲಿಲ್ಲ. ಬಸವಣ್ಣನ ದಿನ. ಎತ್ತು ಮಾರಿ ಗಾಡಿ ತಂದ್ವಿ. ದುಡಿಯೂದು ದುಡಿಯೂದ ಅಲ್ರಿ? ಐತವಾರ ಸಂಜಿಕೆ ಈ ಸ್ವಿಚ್ ಇಳಿಸಿಬಿಡ್ತಿದ್ದೆ. ಮಂಗಳವಾರ ಬೆಳಿಗ್ಗಿ ಏರಸ್ತಿದ್ದೆ. ಚಾರ್ಜೂ ಅರ್ಧಾಕ್ಕ ಬಿಡ್ತಿದ್ದೆ, ಕಟ್ಟಿದ ಎತ್ತಿಗಿ ಹಿಂಡಿ ಜಾಸ್ತಿ ಹಾಕಬಾರದಂತ ಮಾವ ಅಂತಿದ್ರು."

"ಇದನ್ನ ನನಗ ಯಾಕ ಹೇಳ್ಲಿಲ್ಲ?"

"ನೀವು ಸೆಲ್ ಬದಲಿ ಮಾಡಿಸಿದಿಯೇನಂತ ಕೇಳಿದ್ರಿ. ಸೋಮವಾರದ್ದು ಕೇಳ್ಲಿಲ್ಲ."

ಫಕ್ಕೀರಪ್ಪ ಸಣ್ಣಗೆ ನಕ್ಕ. "ನನಗ ವಾರಕ್ಕ ಮೂರ ದಿನಾ ಮಶೀನು, ಗಾಡಿಗಿ ಒಂದಿನ ರಜಾ. ಇಬ್ರೂ ಹಂಗೋ ಹಿಂಗೋ ನಡದಿದ್ವಿ ಸಾಹೇಬ್ರ. ಪಾಳಿ ಬದಲಿ ಆದಾಗ ಇಕಿ ಮೊದಲ್ನೇ ಸೋಮವಾರ ಗಾಡಿಗಿ ಅರಿಷಿಣ ಹಚ್ಚಿ, ತಪ್ಪಾತಪಾ ಅಂತ ಕೈ ಮುಗದ ಹೊಂಟ್ಲು."

ಗ್ವಾದಲಿಯ ಕಟ್ಟೆಯ ಮೇಲೆ ನಾನು ಹಾಗೇ ಕೂತುಬಿಟ್ಟೆ. ಈಗ ಎಲ್ಲ ಅರ್ಥವಾಯಿತು, ಅರ್ಥವಾದದ್ದು ಸುಖ ಕೊಡಲಿಲ್ಲ. ಬ್ಯಾಟರಿಯಲ್ಲಿ ಲಿಥಿಯಮ್ ಕಣಗಳು ಒಂದು ಬದಿಯಿಂದ ಇನ್ನೊಂದು ಬದಿಗೆ ಓಡಾಡುವುದರಿಂದಲೇ ಗಾಡಿ ಓಡುತ್ತದೆ. ಬಿಡುವಿಲ್ಲದೆ ತುಂಬಿ ಖಾಲಿ ಮಾಡುತ್ತಿದ್ದರೆ ಕೆಲವು ಕಣ ಅಂಚಿನ ಮೂಲೆಗೆ ಸರಿದು ಅಲ್ಲೇ ಉಳಿಯುತ್ತವೆ. ಅವು ಸತ್ತಿರುವುದಿಲ್ಲ. ತಂಪಿನಲ್ಲಿ, ಅರ್ಧ ತುಂಬಿದ ಸ್ಥಿತಿಯಲ್ಲಿ, ಒಂದೂವರೆ ದಿನ ಸುಮ್ಮನೆ ಬಿಟ್ಟರೆ ಮೆಲ್ಲಗೆ ತಿರುಗಿ ಬರುತ್ತವೆ. ನಮ್ಮ ಯಂತ್ರ ಕಲಿತದ್ದು ಹಗಲೂ ರಾತ್ರಿ ಓಡುವ ಪಟ್ಟಣದ ಗಾಡಿಗಳಿಂದ. ಅದಕ್ಕೆ ಈ ತಿರುಗಿ ಬರುವುದು ಗೊತ್ತೇ ಇರಲಿಲ್ಲ. ಸೋಮವಾರವೂ ಓಡಿದೆಯೆಂದು ನಂಬಿ, ಇಷ್ಟು ಓಡಿಯೂ ಹೇಗೆ ಗಟ್ಟಿಯಾಗಿದೆ ಎಂದು ಬೆರಗಾಗಿ ಗಡುವು ಮುಂದೂಡುತ್ತ ಹೋಯಿತು. ಆಮೇಲೆ ನಾನು ಉಪಕಾರ ಮಾಡಿದೆ. ಸೋಮವಾರ ನಿಜವಾಗಿಯೂ ಗಾಡಿ ಹೂಡಿಸಿದೆ. ಕಣಗಳು ಮೂಲೆಯಲ್ಲೇ ಉಳಿದವು, ಗಡುವು ಬಂದು ಕುತ್ತಿಗೆಗೆ ಬಿತ್ತು. ಅವಳ ಗಾಡಿ ಕೆಡಿಸಿದವನು ನಾನು, ಕಳ್ಳಿ ಎಂದು ಅಂದದ್ದು ಅವಳಿಗೆ. ನನಗೆ ನಾಚಿಕೆಯಾಯಿತು, ಅವಳಿಗೆ ಹಾಗೇ ಹೇಳಿದೆ.

ಆಸ್ಪತ್ರೆಯ ಹಳೆಯ ಪಾಳಿ ಆಗಲೇ ಬೇರೆ ಮೂವರಿಗೆ ಹೋಗಿತ್ತು. ಅವರನ್ನು ಎಬ್ಬಿಸಿ ಇವರನ್ನು ಕೂರಿಸಿ ಎನ್ನಲು ಬಾಯಿ ಬರಲಿಲ್ಲ. ಮರುದಿನ ಸೋಮವಾರ ಕಚೇರಿಗೆ ರಜೆ ಹಾಕಿ ನನ್ನದೇ ಗಾಡಿಯಲ್ಲಿ ಮೂವರನ್ನೂ ಕರೆತಂದು, ಮುಗಿದ ಮೇಲೆ ಮನೆ ಮುಟ್ಟಿಸಿದೆ. ಇಪ್ಪತ್ತಮೂರರ ಸೋಮವಾರವೂ ಹಾಗೇ ಮಾಡಿದೆ. ನೀಲವ್ವನ ಗಾಡಿ ಎರಡು ಸೋಮವಾರ ಕೊಟ್ಟಿಗೆಯಲ್ಲಿ ಸ್ವಿಚ್ ಇಳಿಸಿಕೊಂಡು ನಿಂತಿತು.

ಇಪ್ಪತ್ತೈದರ ಬುಧವಾರ ಮತ್ತೆ ಪರೀಕ್ಷೆ. ಮಿಡಿತ ಮೊದಲಿಗಿಂತ ಚೆನ್ನಾಗಿ ತಿರುಗಿ ಬರುತ್ತಿದೆ ಎಂದು ಫರೀದಾ ಹೇಳಿದಳು. ಆದರೂ ಪರದೆಯ ಮೇಲೆ ಬಂದದ್ದು ಮಾರ್ಚ್ ಒಂದು. ಎರಡೇ ದಿನ ಮುಂದೆ.

"ಅದು ಇನ್ನೂ ಸೋಮವಾರಕ್ಕ ಹಸಿರ ತುಂಬಾಕತ್ತೇತ್ರಿ" ಎಂದಳು ಅವಳು. "ಆ ದಿನ ಗಾಡಿ ನಿಂತಿತ್ತು ಅಂತ ಬರೀಬೇಕಂದ್ರ ಅಧಿಕಾರಿ ಘೋಷಣೆ ಬೇಕು. ಒಂಬತ್ತು ವರ್ಷದ್ದು, ನಾನೂರಾ ಐವತ್ತಕ್ಕ ಮ್ಯಾಲೆ ಸೋಮವಾರ ಅದಾವ. 'ಇದು ನನಗೆ ಖಚಿತವಾಗಿ ಗೊತ್ತು' ಅಂತ ಸಹಿ ಮಾಡಬೇಕು ಸರ್. ನಿಮಗ ಹೆಂಗ ಗೊತ್ತು ಅಂತ ನಾಳೆ ಯಾರರೆ ಕೇಳಿದ್ರ?"

ಹೇಗೆ ಗೊತ್ತು? ನಮ್ಮಪ್ಪ ಸೋಮವಾರ ಬೆಳಿಗ್ಗೆ ಎತ್ತುಗಳ ಮೈ ತಿಕ್ಕಿ ನೆರಳಿಗೆ ಕಟ್ಟುತ್ತಿದ್ದ. ಅವತ್ತು ನೊಗ ಮುಟ್ಟಿದರೆ ನಮಗೆ ಬೈಗುಳ ಬೀಳುತ್ತಿತ್ತು. ಇದು ನನಗೆ ಓದು ಬರಹಕ್ಕಿಂತ ಮೊದಲೇ ಗೊತ್ತಿದ್ದ ವಿಷಯ.

"ಗೊತ್ತೈತಿ" ಎಂದು ಸಹಿ ಹಾಕಿದೆ.

ಯಂತ್ರ ಬಹಳ ಹೊತ್ತು ತೆಗೆದುಕೊಂಡಿತು. ಬಿಳಿ ಜಾಗವೆಲ್ಲ ಒಂದೊಂದಾಗಿ ಹಳದಿಯಾದವು. ಆಮೇಲೆ ಬಂದ ಗಡುವು ಎರಡು ವರ್ಷ ಆಚೆಯ ಏಪ್ರಿಲ್ ಹನ್ನೊಂದು, ಸೋಮವಾರ ನಿಲ್ಲಿಸಿದರೆ ಮಾತ್ರ ಎಂಬ ಷರಾದೊಂದಿಗೆ. ಕಾಗದ ಕೈಗೆ ಕೊಟ್ಟಾಗ ನೀಲವ್ವ ಅದನ್ನು ಎರಡೆರಡು ಸಲ ಓದಿದಳು.

"ಇದು ಐದನೇ ತಾರೀಕೋ, ಆರನೇದೋ? ಇದರೆ ಖರೇನಾ ಸಾಹೇಬ್ರ?"

"ಮೊದಲಿನವಕ್ಕಿಂತ ಖರೇ" ಎಂದೆ. ಅದಕ್ಕಿಂತ ಹೆಚ್ಚು ಹೇಳುವ ಧೈರ್ಯ ನನಗೆ ಉಳಿದಿರಲಿಲ್ಲ.

ಅವಳು ಹೋದ ಮೇಲೆ ಫರೀದಾ ಕೇಳಿದಳು, "ಸರ್, ಈಗಾಗಲೇ ಬೀಗ ಬಿದ್ದ ಗಾಡಿಗಳ ದಾಖಲ್ಯಾಗೂ ಹಿಂಗ ಸೋಮವಾರದ ತೂತು ಅದಾವೇನು ನೋಡ್ಲ್ಯಾ?"

ಬೇಡ ಎನ್ನಬೇಕೆನಿಸಿತು. "ನೋಡು" ಎಂದೆ.

ನಮ್ಮ ಜಿಲ್ಲೆಯೊಂದರಲ್ಲೇ ಸಾವಿರದ ಮುನ್ನೂರಕ್ಕೂ ಮೇಲೆ ಸಿಕ್ಕವು. ಊರು, ನಂಬರು, ಬೀಗ ಬಿದ್ದ ದಿನ, ಕೆಳಗೆ ಸಹಿ ಹಾಕಿದವನ ಹೆಸರು. ಎಲ್ಲ ಸಾಲಿನಲ್ಲೂ ನನ್ನದೇ ಹೆಸರು. ಎರಡನೇ ಪುಟದ ನಡುವೆ ಅಣ್ಣನ ಗಾಡಿಯ ನಂಬರು ಇತ್ತು. ಅದರ ಬ್ಯಾಟರಿಯನ್ನು ನಿಯಮದಂತೆ ಬೀದಿದೀಪಗಳಿಗೆ ವಿದ್ಯುತ್ತು ದಾಸ್ತಾನು ಮಾಡುವ ಕೊಠಡಿಗೆ ಕಳಿಸಿದ್ದೆವು. ಅಲ್ಲಿ ವಾರದ ರಜೆ ಇರುವುದಿಲ್ಲ.

ಫೋನ್ ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ. ಮೂರನೇ ಸಲಕ್ಕೆ ಎತ್ತಿದ.

"ಅಣ್ಣಾ, ನೀ ಗಾಡಿ ಸೋಮವಾರ ನಿಲ್ಲಸ್ತಿದ್ದೇನು?"

"ಎರಡ ವರ್ಷದ ಮ್ಯಾಲೆ ಇದನ್ನ ಕೇಳಾಕ ಫೋನ್ ಮಾಡಿದಿ?" ಎಂದ. ಆಮೇಲೆ ಅಂದ, "ನಿನಗ ಗೊತ್ತಿರ್ಲಿಲ್ಲೇನೋ? ಇಬ್ರೂ ಒಂದ ಮನ್ಯಾಗ ಬೆಳದೇವಿ."

"ಗೊತ್ತಿತ್ತು ಅಣ್ಣಾ" ಎಂದೆ. "ಅದನ್ನ ಬರೀಬೇಕಂತ ಗೊತ್ತಿರ್ಲಿಲ್ಲ."

"ಮತ್ತ ನನ್ನ ಬ್ಯಾಟರಿ? ಇನ್ನೂ ಜೀವ ಐತೇನು ಅದಕ್ಕ?"

ಫರೀದಾ ಪರದೆಯತ್ತ ಬೆರಳು ತೋರಿಸಿದಳು. ಅಲ್ಲೊಂದು ತಾರೀಕು ಬಂದಿತ್ತು. ಯಂತ್ರದ ಹತ್ತಿರ ಯಾವತ್ತೂ ಒಂದು ತಾರೀಕು ಇದ್ದೇ ಇರುತ್ತದೆ. ನಾನು ಅದನ್ನು ಓದಿ ಹೇಳಲಿಲ್ಲ.

"ನನಗ ಗೊತ್ತಿಲ್ಲ ಅಣ್ಣಾ. ಹೋಗಿ ಬಿಚ್ಚಿ ನೋಡೂಣು, ಇಬ್ರೂ ಕೂಡಿ. ಮಂಗಳವಾರ ಬರ್ತೇನಿ."

"ಸೋಮವಾರನ ಬಾರಲ್ಲ. ಸೋಮವಾರ ನನಗೂ ಕೆಲಸ ಇರೂದಿಲ್ಲ."

"ಸೋಮವಾರ ಆಗೂದಿಲ್ಲ" ಎಂದೆ. "ಅವತ್ತು ನೀಲವ್ವನ ಗಾಡಿಗಿ ರಜಾ. ನಾ ಹೊಡೀಬೇಕು."